ಅಜವಾನ ಎಣ್ಣೆ ಹಾಕದ ವೆಲ್‌ಗಳಲ್ಲೂ ಕ್ಯಾಂಡಿಡಾ ಬಯೋಫಿಲ್ಮ್ ಬೆಳೆಯುತ್ತಿಲ್ಲ, ಯಾಕೆ?

ರಾಯಚೂರು_ಮೈಕ್ರೋ:
ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಎಂ.ಎಸ್ಸಿ. ಮೈಕ್ರೋಬಯಾಲಜಿ ಓದುತ್ತಿದ್ದೇನೆ. ಅಜವಾನ ಎಣ್ಣೆ ಕ್ಯಾಂಡಿಡಾ ಆಲ್ಬಿಕನ್ಸ್ ಅನ್ನೋ ಯೀಸ್ಟ್‌ನ ಬಯೋಫಿಲ್ಮನ್ನು (ಮೇಲ್ಮೈಗೆ ಅಂಟಿಕೊಂಡು ಕಟ್ಟುವ ಪದರ) ತಡೆಯುತ್ತದಾ ಅನ್ನೋದು ನನ್ನ ಪ್ರಾಜೆಕ್ಟ್. 96 ವೆಲ್ (ಸಣ್ಣ ಗುಳಿ) ಇರುವ ಪ್ಲೇಟು, ಆರ್‌ಪಿಎಂಐ-1640 ಮೀಡಿಯಂ, 37 ಡಿಗ್ರಿ, 24 ಗಂಟೆ. 1ನೇ ಕಾಲಂ ಎಣ್ಣೆಯಿಲ್ಲದ ಕಂಟ್ರೋಲ್. 2ನೇ ಕಾಲಂನಲ್ಲಿ ಎಣ್ಣೆ ಎಲ್ಲಕ್ಕಿಂತ ಜಾಸ್ತಿ, ಅಲ್ಲಿಂದ 12ರವರೆಗೆ ಅರ್ಧರ್ಧ ಕಮ್ಮಿ.

ಸಮಸ್ಯೆ ಏನಂದ್ರೆ, ಕ್ರಿಸ್ಟಲ್ ವೈಲೆಟ್ ಬಣ್ಣ ಹಾಕಿ ತೊಳೆದ ಮೇಲೆ ಕಂಟ್ರೋಲ್ ಕಾಲಂನಲ್ಲಿ ಬಣ್ಣವೇ ಇರುವುದಿಲ್ಲ. ಎಣ್ಣೆ ಬಿದ್ದಿರುವ 11, 12ರಲ್ಲಿ ಗಾಢ ನೇರಳೆ! ಯೀಸ್ಟ್ ಎಲ್ಲದಕ್ಕೂ ಒಂದೇ ಪ್ರಮಾಣ ಹಾಕಿದ್ದು. ಮೇಲಿನ ಮತ್ತು ಕೆಳಗಿನ ಸಾಲಿನ ವೆಲ್‌ಗಳಲ್ಲಿ ಮೀಡಿಯಂ ಇಳಿದಿರುತ್ತದೆ.

ಇನ್ನೊಂದು ಪ್ರಶ್ನೆ. ಮೊದಲೇ 24 ಗಂಟೆ ಬೆಳೆಸಿದ ಬಯೋಫಿಲ್ಮ್ ಮೇಲೆ ಎಣ್ಣೆ ಹಾಕಿದರೆ ಬಣ್ಣ ಇಳಿಯುವುದೇ ಇಲ್ಲ. ಫಂಗಸ್ ಔಷಧ ಫ್ಲುಕೊನಜೋಲ್ ಹಾಕಿದರೂ ಅಷ್ಟೇ. ಕಲ್ಚರ್ ಬದಲಿಸಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಬಳ್ಳಾರಿ_ಬೆಂಚ್:
ಕಲ್ಚರ್ ಬದಲಿಸಬೇಡ ತಂಗಿ, ಅದು ಚೆನ್ನಾಗಿಯೇ ಇದೆ. 12ರಲ್ಲಿ ಗಾಢ ನೇರಳೆ ಬಂದಿದ್ದೇ ಅದಕ್ಕೆ ಸಾಕ್ಷಿ. ಇನ್ನು 1ನೇದೂ ಅಂಚಿನ ಕಾಲಂ, 12ನೇದೂ ಅಂಚಿನದೇ ಅಲ್ವಾ? ಅಂಚು ಒಣಗಿದ್ದೇ ಕಾರಣ ಆಗಿದ್ದರೆ ಎರಡೂ ಕೆಡಬೇಕಿತ್ತು. ಕೆಟ್ಟಿದ್ದು 1 ಮಾತ್ರ. ಅದರ ಪಕ್ಕದಲ್ಲೇ ಎಣ್ಣೆ ಜಾಸ್ತಿ ಇರುವ 2ನೇ ಕಾಲಂ ಇದೆ. ನನಗನ್ನಿಸುವುದು, ಎಣ್ಣೆಯ ಆವಿ ಪಕ್ಕಕ್ಕೆ ದಾಟುತ್ತಿದೆ.

ಅಜವಾನದ ಘಾಟು ಅಂದರೆ ಮುಖ್ಯವಾಗಿ ಥೈಮಾಲ್. ಮಿರ್ಚಿ ಬಜ್ಜಿಗೆ ಅಜವಾನ ಕುಟ್ಟಿ ತುಂಬುವಾಗ ಪಡಸಾಲೆವರೆಗೂ ವಾಸನೆ ಬರುತ್ತದಲ್ಲ, ಅದೇ. ಪ್ಲೇಟಿನ ಮುಚ್ಚಳ ಸಡಿಲ ಇರುತ್ತದೆ. ಅದರ ಕೆಳಗೆ ಎಲ್ಲ ವೆಲ್‌ಗಳಿಗೂ ಗಾಳಿ ಒಂದೇ. ಆವಿ ಪಕ್ಕದ ಮೀಡಿಯಂನಲ್ಲಿ ಕರಗುತ್ತದೆ, ಅಲ್ಲಿನ ಯೀಸ್ಟ್‌ನ ಪೊರೆ ಕೆಡಿಸುತ್ತದೆ. ಹಾಗಂತ ಪ್ಲೇಟು ಮೂಸಿ ನೋಡಲು ಹೋಗಬೇಡ, ಒಳಗಿರುವುದು ಕ್ಯಾಂಡಿಡಾ.

ಖಾತ್ರಿ ಮಾಡಿಕೊಳ್ಳಲು ಹೀಗೆ ಮಾಡು. ಒಂದು ಪ್ಲೇಟಿನಲ್ಲಿ ಎಲ್ಲ ವೆಲ್‌ಗೂ ಯೀಸ್ಟ್ ಹಾಕು, 6ನೇ ಕಾಲಂಗೆ ಮಾತ್ರ ಎಣ್ಣೆ. ಇನ್ನೊಂದಕ್ಕೆ ಎಣ್ಣೆಯೇ ಬೇಡ. ಮೊದಲನೆಯದರಲ್ಲಿ 5 ಮತ್ತು 7 ಬಿಳಿಚಿಕೊಂಡು, ದೂರ ಹೋದಂತೆ ನೇರಳೆ ಗಾಢವಾಗುತ್ತಾ ಹೋದರೆ ಆವಿಯದೇ ಕೆಲಸ. ಆಮೇಲೆ ಕಂಟ್ರೋಲ್ ಯಾವತ್ತೂ ಬೇರೆ ಪ್ಲೇಟಿನಲ್ಲಿ ಇರಲಿ. ಎಣ್ಣೆ ಪ್ಲೇಟಿಗೆ ಅಂಟುವ ಸೀಲಿಂಗ್ ಫಿಲ್ಮ್ ಹಾಕು, ಕಂಟ್ರೋಲ್ ಪ್ಲೇಟಿಗೂ ಅದನ್ನೇ ಹಾಕು. ಇಲ್ಲದಿದ್ದರೆ ಗಾಳಿ ಸಿಗುವುದರಲ್ಲೇ ವ್ಯತ್ಯಾಸ ಆಗಿಬಿಡುತ್ತದೆ.

ಎಣ್ಣೆ ನೀರಲ್ಲಿ ಬೆರೆಯಲ್ಲ, ಟ್ವೀನ್ 80 ಅಥವಾ ಡಿಎಂಎಸ್‌ಒ ಹಾಕಿಯೇ ಇರುತ್ತೀಯ. ಅದನ್ನಷ್ಟೇ ಹಾಕಿದ ಕಂಟ್ರೋಲ್ ಒಂದು ಬೇಕು. ಡಿಎಂಎಸ್‌ಒ ಶೇ. 1 ದಾಟದಿರಲಿ.

ಮೀಡಿಯಂ ಇಳಿಯುವುದು ಬೇರೆ ವಿಷಯ. ನಿಮ್ಮ ಇನ್‌ಕ್ಯುಬೇಟರ್ ಬಿಸಿ ಮಾಡುವುದಷ್ಟೇನಾ, ತಣ್ಣಗೂ ಮಾಡುತ್ತದಾ? ಬೇಸಿಗೆಯಲ್ಲಿ ನಿಮ್ಮ ಕಡೆ, ನಮ್ಮ ಕಡೆ ಮಧ್ಯಾಹ್ನ 40 ದಾಟುತ್ತದೆ. ತಣ್ಣಗೆ ಮಾಡದ ಪೆಟ್ಟಿಗೆ ಕೋಣೆಗಿಂತ ಕೆಳಗೆ ಇಳಿಯೋದಿಲ್ಲ. ಗುಂಡಿಯಲ್ಲಿ 37 ಅಂತ ಇಟ್ಟರೂ ಒಳಗೆ 41 ಇರಬಹುದು. ಅಷ್ಟಕ್ಕೇ ಕ್ಯಾಂಡಿಡಾ ಸಾಯಲ್ಲ, ಆದರೆ ನೀರು ಬೇಗ ಆರುತ್ತದೆ, ಆವಿಯೂ ಜಾಸ್ತಿ ಏಳುತ್ತದೆ. ಒಳಗೊಂದು ಥರ್ಮಾಮೀಟರ್ ಇಟ್ಟು ಮಧ್ಯಾಹ್ನ ಮೂರಕ್ಕೆ ನೋಡು. ತಣ್ಣಗೂ ಮಾಡುವ ಬಿಒಡಿ ಇನ್‌ಕ್ಯುಬೇಟರ್ ಇದ್ದರೆ ಅದರಲ್ಲಿಡು. ಅಂಚಿನ ವೆಲ್‌ಗಳಿಗೆ ಸುಮ್ನೆ ಸ್ಟೆರೈಲ್ ನೀರು ತುಂಬು, ಲೆಕ್ಕಕ್ಕೆ ತಗೋಬೇಡ.

ಇನ್ನು ಬಣ್ಣ ಇಳಿಯದ ವಿಷಯ. ಕ್ರಿಸ್ಟಲ್ ವೈಲೆಟ್ ಸತ್ತ ಕೋಶಕ್ಕೂ ಹಿಡಿಯುತ್ತದೆ, ಬದುಕಿದ್ದಕ್ಕೂ ಹಿಡಿಯುತ್ತದೆ, ಸುತ್ತಲಿನ ಅಂಟಿಗೂ ಹಿಡಿಯುತ್ತದೆ. ಎಣ್ಣೆ ಎಲ್ಲವನ್ನೂ ಕೊಂದಿದ್ದರೂ ಹೆಣಗಳು ಪ್ಲೇಟಿಗೆ ಅಂಟಿಕೊಂಡೇ ಇರುತ್ತವೆ, ನಿನಗೆ ನೇರಳೆಯೇ ಕಾಣುತ್ತದೆ. ಬದುಕಿದೆಯಾ ಅಂತ ತಿಳಿಯಲು ಎಕ್ಸ್‌ಟಿಟಿ ಮಾಡು (ಬದುಕಿರುವ ಕೋಶ ಅದನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ), 490 ನ್ಯಾನೋಮೀಟರ್‌ನಲ್ಲಿ ಓದು. ಅದು ಸಿಗದಿದ್ದರೆ ಬಯೋಫಿಲ್ಮ್ ಕೆರೆದು ಸಬುರಾ ಅಗಾರ್ ಮೇಲೆ ಹಾಕಿ ಕಾಲನಿ ಎಣಿಸು.

ಫ್ಲುಕೊನಜೋಲ್ ಕೆಲಸ ಮಾಡದಿದ್ದರೆ ಗಾಬರಿ ಬೇಡ, ಬಲಿತ ಬಯೋಫಿಲ್ಮ್ ಮುಂದೆ ಅದು ಸೋಲುವುದೇ ಸಹಜ. ಅಂಟಿನಲ್ಲಿರುವ ಬೀಟಾ-1,3-ಗ್ಲುಕಾನ್ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಳಗಿನ ಕೋಶಕ್ಕೆ ತಲುಪಲು ಬಿಡಲ್ಲ. ಹೋಲಿಕೆಗೆ ಆಂಫೊಟೆರಿಸಿನ್ ಬಿ ಅಥವಾ ಕ್ಯಾಸ್ಪೊಫಂಗಿನ್ ಇಟ್ಟುಕೋ.

ಒಂದು ಮಾತು ಒತ್ತಿ ಹೇಳುತ್ತೇನೆ. ಬಯೋಫಿಲ್ಮ್ ಕಟ್ಟದಂತೆ ತಡೆಯುವುದು ಬೇರೆ, ಕಟ್ಟಿದ್ದನ್ನು ಕೊಲ್ಲುವುದು ಬೇರೆ. ರೋಗಿಯ ಕ್ಯಾತಿಟರ್ ಮೇಲೆ ಇರುವುದು ಕಟ್ಟಿ ಬಲಿತದ್ದು. 2022ರ ವಿಶ್ವ ಆರೋಗ್ಯ ಸಂಸ್ಥೆಯ ಫಂಗಸ್ ಪಟ್ಟಿಯಲ್ಲಿ ಕ್ಯಾಂಡಿಡಾ ಆಲ್ಬಿಕನ್ಸ್ ಅತಿ ಗಂಭೀರ ಗುಂಪಿನಲ್ಲಿದೆ. ಹಾಗಾಗಿ ನಿನ್ನ ಎರಡನೇ ಪ್ರಯೋಗವೇ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಅದನ್ನು ಬಿಡಬೇಡ.

ಗಂಗಾವತಿ_ಹುಡುಗ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ ಅಕ್ಕ. ನಮ್ಮಜ್ಜಿಗೆ ಹಲ್ಲಿನ ಸೆಟ್ಟಿನ ಕೆಳಗೆ ಅಂಗುಳ ಕೆಂಪಾಗಿದೆ. ಫಂಗಸ್ ಅಂದರು ಡಾಕ್ಟರು. ಲವಂಗದ ಎಣ್ಣೆ ಹಚ್ಚಬಹುದಾ?

ಬಳ್ಳಾರಿ_ಬೆಂಚ್:
ಬೇಡಪ್ಪ. ಬರೀ ಲವಂಗದ ಎಣ್ಣೆ ಬಾಯಿಯ ಚರ್ಮ ಸುಡುತ್ತದೆ, ಅಜ್ಜಿಗೆ ಹುಣ್ಣಾಗುತ್ತದೆ. ಪ್ಲೇಟಿನಲ್ಲಿ ಲವಂಗದ ಯುಜೆನಾಲ್ ಕೆಲಸ ಮಾಡಿತು ಅಂದ ಮಾತ್ರಕ್ಕೆ ಅದು ಬಾಯಿಗೆ ಔಷಧ ಆಗಲ್ಲ. ಡಾಕ್ಟರು ಕೊಟ್ಟದ್ದನ್ನು ಹೇಳಿದಷ್ಟು ದಿನ ಪೂರ್ತಿ ಹಚ್ಚಿ. ರಾತ್ರಿ ಸೆಟ್ ತೆಗೆಸಿ ಇಡಿ. ದಿನಾ ಬ್ರಷ್‌ನಿಂದ ಉಜ್ಜಿ ತೊಳೆಯಿರಿ, ಯಾಕಂದ್ರೆ ಫಂಗಸ್ ಆ ಪ್ಲಾಸ್ಟಿಕ್‌ನ ಸಣ್ಣ ಸಣ್ಣ ಗುಳಿಗಳಲ್ಲೂ ಬಯೋಫಿಲ್ಮ್ ಕಟ್ಟಿರುತ್ತದೆ. ಸೆಟ್ ಸಡಿಲ ಆಗಿದ್ದರೆ ತೋರಿಸಿ. ಅಜ್ಜಿಗೆ ಸಕ್ಕರೆ ಕಾಯಿಲೆ ಇದೆಯಾ ಅಂತಲೂ ಪರೀಕ್ಷೆ ಮಾಡಿಸಿ.

ರಾಯಚೂರು_ಮೈಕ್ರೋ:
ಅಕ್ಕಾ, ನೀವು ಹೇಳಿದ ಹಾಗೇ ಆಯಿತು! 5, 7 ಪೂರ್ತಿ ಬಿಳಿ. 4, 8ರಲ್ಲಿ ವೆಲ್‌ನ ಅಂಚಿಗೆ ತೆಳು ಉಂಗುರದಷ್ಟು ನೇರಳೆ. 1, 12ರಲ್ಲಿ ಗಾಢ. ಎಣ್ಣೆಯಿಲ್ಲದ ಪ್ಲೇಟು ಎಲ್ಲ ಕಡೆ ಒಂದೇ ಸಮ ಬೆಳೆದಿದೆ. ಬೇರೆ ಪ್ಲೇಟು, ಸೀಲಿಂಗ್ ಫಿಲ್ಮ್ ಮಾಡಿದ ಮೇಲೆ ಕಂಟ್ರೋಲ್ ಸರಿಯಾಗಿ ಬರುತ್ತಿದೆ. ಬಲಿತ ಬಯೋಫಿಲ್ಮ್‌ನಲ್ಲಿ ನೇರಳೆ ಹಾಗೇ ಇದೆ, ಆದರೆ ಎಕ್ಸ್‌ಟಿಟಿ ಚೆನ್ನಾಗಿ ಇಳಿದಿದೆ. ತುಂಬಾ ಥ್ಯಾಂಕ್ಸ್. ಮುಂದೆ ಅರಿಶಿನದ ಕರ್ಕ್ಯುಮಿನ್ ನೋಡಬೇಕಂತಿದ್ದೇನೆ, ಇದೇ ವಿಧಾನ ಸಾಕಾ?

ಬಳ್ಳಾರಿ_ಬೆಂಚ್:
ಭಾಳ ಖುಷಿಯಾಯ್ತು ತಂಗಿ. ಕರ್ಕ್ಯುಮಿನ್‌ಗೆ ಆವಿಯ ಕಾಟ ಇಲ್ಲ, ಬಣ್ಣದ ಕಾಟ ಇದೆ. ಅದರ ಹಳದಿ ಎಕ್ಸ್‌ಟಿಟಿಯ ಕಿತ್ತಳೆ ಜೊತೆ ಸೇರಿ ಓದು ತಪ್ಪಿಸುತ್ತದೆ. ಕರ್ಕ್ಯುಮಿನ್ ಇದ್ದು ಯೀಸ್ಟ್ ಇಲ್ಲದ ವೆಲ್ ಇಟ್ಟು, ಅದರ ಓದನ್ನು ಕಳೆ. ಎಕ್ಸ್‌ಟಿಟಿ ಹಾಕುವ ಮುಂಚೆ ಪಿಬಿಎಸ್ ಉಪ್ಪಿನ ದ್ರಾವಣದಿಂದ ಮೆಲ್ಲಗೆ ತೊಳೆ. ಪ್ಲೇಟಿಗೆ ಫಾಯಿಲ್ ಸುತ್ತಿಡು. ಬೆಳಕು ಬಿದ್ದರೆ ಕರ್ಕ್ಯುಮಿನ್ ಕೆಡುತ್ತದೆ, ಮೇಲಾಗಿ ನೀಲಿ ಬೆಳಕಿನಲ್ಲಿ ಅದು ಯೀಸ್ಟನ್ನು ಬೇರೆಯದೇ ರೀತಿಯಲ್ಲಿ ಕೊಲ್ಲುತ್ತದೆ. ಒಂದು ಪ್ಲೇಟು ಕಿಟಕಿ ಪಕ್ಕ, ಇನ್ನೊಂದು ಕತ್ತಲಲ್ಲಿ ಇಟ್ಟರೆ ಎರಡನ್ನೂ ಹೋಲಿಸೋಕೆ ಆಗಲ್ಲ. ಕಾಲನಿ ಎಣಿಕೆಯನ್ನೂ ಜೊತೆಗೇ ಮಾಡು, ಅದಕ್ಕೆ ಬಣ್ಣದ ಗೊಡವೆ ಇಲ್ಲ.