ಕ್ರೂಸ್ ಹಡಗು ಯಾವ ಊರಿಗೆ ಹೋಗಬೇಕೆಂದು ಹೇಗೆ ತೀರ್ಮಾನವಾಗುತ್ತದೆ? ಮಾರ್ಗ ಹಾಕುತ್ತಿದ್ದವರ ಜತೆ ಪ್ರಶ್ನೋತ್ತರ

ಪ್ರಶ್ನೆ, ಡಲ್ಲಾಸ್‌ನಿಂದ: ನಮಸ್ಕಾರ ಸರ್. ಡಿಸೆಂಬರ್ ರಜೆಗೆ ಅತ್ತೆ ಮಾವ ಊರಿಂದ ಬರ್ತಿದ್ದಾರೆ. ಮಕ್ಕಳಿಗೆ 3 ವರ್ಷ, 9 ವರ್ಷ. ವಿಮಾನದ ಖರ್ಚು ಬೇಡ ಅಂತ ಕಾರಿನಲ್ಲೇ ಗ್ಯಾಲ್ವೆಸ್ಟನ್‌ಗೆ ಹೋಗಿ ಕ್ರೂಸ್ ಹತ್ತೋಣ ಅಂದುಕೊಂಡಿದ್ದೇವೆ. ಆದರೆ ಯಾವ ಕಂಪನಿ ನೋಡಿದರೂ ಮೆಕ್ಸಿಕೋದ ಅದೇ ಕೊಝುಮೆಲ್, ಕೋಸ್ಟಾ ಮಾಯಾ, ಇಲ್ಲವೇ ಹೊಂಡುರಾಸ್‌ನ ರೋಅಟಾನ್. ಅಷ್ಟು ದೊಡ್ಡ ಸಮುದ್ರದಲ್ಲಿ ಇವರಿಗೆ ಬೇರೆ ಊರು ಸಿಗುವುದಿಲ್ಲವೇ? ಇದನ್ನೆಲ್ಲ ಯಾರು ಕೂತು ತೀರ್ಮಾನಿಸುತ್ತಾರೆ?

ಉತ್ತರ: ನಮಸ್ಕಾರ ಮೇಡಂ. ನಾನು ಕುಂದಾಪುರ ಕಡೆಯವನು. ಹನ್ನೆರಡು ವರ್ಷ ಕ್ರೂಸ್ ಹಡಗುಗಳಲ್ಲಿ ನ್ಯಾವಿಗೇಶನ್ ಆಫೀಸರ್ ಆಗಿದ್ದೆ. ಆಮೇಲೆ ಏಳು ವರ್ಷ ಮಯಾಮಿಯ ಆಫೀಸಿನಲ್ಲಿ ಕೂತು ಮಾರ್ಗ ಹಾಕುವ ಕೆಲಸವನ್ನೇ ಮಾಡಿದೆ. ಹಾಗಾಗಿ ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಉತ್ತರ ಕೊಡುತ್ತೇನೆ.

ಎಲ್ಲರೂ ತಿಳಿದಿರುವುದೇನೆಂದರೆ, ನಾವು ಭೂಪಟ ಹರಡಿ ಚಂದದ ಊರುಗಳಿಗೆ ಗುರುತು ಹಾಕುತ್ತೇವೆ ಅಂತ. ಕೆಲಸ ಶುರುವಾಗುವುದು ಕ್ಯಾಲೆಂಡರಿನಿಂದ. ಭಾನುವಾರ ಹೊರಟ ಹಡಗು ಮುಂದಿನ ಭಾನುವಾರ ಬೆಳಿಗ್ಗೆ ಆರೇಳು ಗಂಟೆಗೆ ಅದೇ ದಕ್ಕೆಗೆ ಬಂದು ಕಟ್ಟಲೇಬೇಕು. ಹಳೆಯವರು ಇಳಿಯಬೇಕು, ಸಾವಿರಾರು ಹಾಸಿಗೆಗಳ ಹೊದಿಕೆ ಬದಲಾಗಬೇಕು, ಒಂದು ವಾರದ ದಿನಸಿ ಏರಬೇಕು, ಹೊಸಬರು ಹತ್ತಬೇಕು, ಸಂಜೆ ನಾಲ್ಕಕ್ಕೆ ಹಗ್ಗ ಬಿಚ್ಚಬೇಕು. ಈ ಎರಡು ಭಾನುವಾರಗಳ ನಡುವೆ ಏನು ಹಿಡಿಸುತ್ತದೋ ಅಷ್ಟೇ ನಿಮ್ಮ ಪ್ರವಾಸ.

ಈಗ ನಿಮ್ಮ ಗ್ಯಾಲ್ವೆಸ್ಟನ್ ಲೆಕ್ಕ ಹಾಕಿ. ಅಲ್ಲಿಂದ ಕೊಝುಮೆಲ್ ಸುಮಾರು 680 ನಾಟಿಕಲ್ ಮೈಲಿ. ಭಾನುವಾರ ಸಂಜೆ ನಾಲ್ಕಕ್ಕೆ ಹೊರಟು ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಮುಟ್ಟಬೇಕೆಂದರೆ ಕೈಯಲ್ಲಿರುವುದು 40 ಗಂಟೆ. ಅಂದರೆ ಗಂಟೆಗೆ 17 ನಾಟಿಕಲ್ ಮೈಲಿ, ನಮ್ಮ ಭಾಷೆಯಲ್ಲಿ 17 ನಾಟ್ ವೇಗ. ಅದು ಹಡಗಿಗೆ ಹಿತವಾದ ವೇಗ. ಅಲ್ಲಿಗೆ ಹೋಗುವಾಗ ಒಂದಿಡೀ ದಿನ ಸಮುದ್ರದಲ್ಲಿ, ಬರುವಾಗ ಇನ್ನೊಂದು. ಮಧ್ಯೆ ಉಳಿಯುವುದು ಮೂರು ಅಥವಾ ನಾಲ್ಕು ದಿನ. ಒಂದು ರಾತ್ರಿಯ ಓಟದಲ್ಲಿ ಒಂದರಿಂದ ಇನ್ನೊಂದಕ್ಕೆ ತಲುಪುವಂಥ ಊರುಗಳು ಆ ಮೂಲೆಯಲ್ಲಿ ಇರುವುದೇ ನೀವು ಹೇಳಿದವು, ಜತೆಗೆ ಬೆಲೀಜ್ ಒಂದು.

ಇನ್ನೂ ಜೋರಾಗಿ ಓಡಿಸಬಹುದಲ್ಲ ಅನ್ನಬಹುದು. ಓಡಿಸಬಹುದು, ಆದರೆ ನೀರು ಕೇಳುವ ಬೆಲೆ ದೊಡ್ಡದು. ಹಡಗನ್ನು ತಳ್ಳಲು ಬೇಕಾದ ಶಕ್ತಿ ಹೆಚ್ಚುಕಡಿಮೆ ವೇಗದ ಘನದಷ್ಟು ಏರುತ್ತದೆ. 16 ನಾಟ್‌ನಿಂದ 20ಕ್ಕೆ ಏರಿಸಿದರೆ ಎಂಜಿನ್ ಕೊಡಬೇಕಾದ ಶಕ್ತಿ ಹತ್ತಿರಹತ್ತಿರ ಎರಡು ಪಟ್ಟು. ಬೇಗ ತಲುಪಿದ್ದನ್ನು ಕಳೆದರೂ ಅದೇ ದೂರಕ್ಕೆ ಒಂದೂವರೆ ಪಟ್ಟು ಇಂಧನ. ನಾನು ಮೊದಲ ಸಲ ಹಾಕಿದ ಮಾರ್ಗದಲ್ಲಿ ಬಹಳ ಚಂದದ ಒಂದು ದ್ವೀಪ ಸೇರಿಸಿದ್ದೆ. ಇಂಧನದ ಲೆಕ್ಕ ನೋಡುವವರು ಹತ್ತು ನಿಮಿಷದಲ್ಲಿ ಅದನ್ನು ತೆಗೆದುಹಾಕಿದರು. ಅವತ್ತು ಬೇಜಾರಾಗಿತ್ತು. ಆಮೇಲೆ ಅವರು ಮಾಡಿದ್ದೇ ಸರಿ ಎಂದು ಒಪ್ಪಿಕೊಂಡೆ, ಯಾಕೆಂದರೆ ಆ ಊರಿನಲ್ಲಿ ಜನರಿಗೆ ಸಿಗುತ್ತಿದ್ದುದು ನಾಲ್ಕೇ ಗಂಟೆ.

ಯಾರು ತೀರ್ಮಾನಿಸುತ್ತಾರೆ ಎಂದರೆ, ಒಬ್ಬರಲ್ಲ. ಟಿಕೆಟ್ ಬೆಲೆ ನಿರ್ಧರಿಸುವವರು, ಹಡಗಿನ ಸುರಕ್ಷತೆ ನೋಡುವ ಕ್ಯಾಪ್ಟನ್‌ಗಳು, ಬಂದರುಗಳ ಜತೆ ಮಾತಾಡುವವರು, ದಡದ ಪ್ರವಾಸ ಮಾರುವವರು, ಇಂಧನದವರು. ಎಲ್ಲರೂ ಪ್ರಯಾಣದ ದಿನಕ್ಕಿಂತ ಒಂದೂವರೆ ಎರಡು ವರ್ಷ ಮೊದಲೇ ಕೂರುತ್ತಾರೆ. ದಕ್ಕೆಯಲ್ಲಿ ಜಾಗವನ್ನು ಅಷ್ಟು ಮುಂಚೆ ಕಾಯ್ದಿರಿಸದಿದ್ದರೆ ಬೇರೆಯವರ ಪಾಲಾಗುತ್ತದೆ.

ಪ್ರಶ್ನೆ, ಟ್ಯಾಂಪಾದಿಂದ: ಅಣ್ಣಾ, ನಮ್ಮೂರಲ್ಲೂ ಬಂದರು ಇದೆ. ಆದರೆ ವಾಟರ್ ಸ್ಲೈಡ್ ಇರುವ ಆ ದೊಡ್ಡ ದೊಡ್ಡ ಹೊಸ ಹಡಗು ಒಂದೂ ಬರಲ್ಲ. ಮಕ್ಕಳು ಪ್ರತಿವರ್ಷ ಕೇಳ್ತಾರೆ.

ಉತ್ತರ: ನಿಮ್ಮ ಸನ್‌ಶೈನ್ ಸ್ಕೈವೇ ಸೇತುವೆ ಕಾರಣ ತಮ್ಮಾ. ಅದರ ಕೆಳಗೆ ಸುಮಾರು 55 ಮೀಟರ್ ಎತ್ತರವಷ್ಟೇ ಖಾಲಿ. ಹೊಸ ಹಡಗುಗಳು ಅದಕ್ಕಿಂತ ಎತ್ತರ. 2009ರಲ್ಲಿ ಓಯಸಿಸ್ ಆಫ್ ದಿ ಸೀಸ್ ಫಿನ್ಲೆಂಡಿನಿಂದ ಹೊರಬರುವಾಗ ಡೆನ್ಮಾರ್ಕಿನ ಸೇತುವೆಯೊಂದರ ಕೆಳಗೆ ನುಸುಳಲು ಹೊಗೆಕೊಳವೆಗಳನ್ನೇ ಕೆಳಗಿಳಿಸಬೇಕಾಯಿತು. ಮಾರ್ಗ ಹಾಕುವಾಗ ನೀರಿನ ಆಳ, ದಕ್ಕೆಯ ಉದ್ದ, ಹಡಗು ತಿರುಗಲು ಜಾಗ, ಮೇಲಿನ ಸೇತುವೆ, ಈ ನಾಲ್ಕೂ ಸರಿಯಿದ್ದರೆ ಮಾತ್ರ ಮುಂದಿನ ಮಾತು. 2024ರ ಜನವರಿಯಲ್ಲಿ ಮಯಾಮಿಯಿಂದ ಓಡಾಟ ಶುರುಮಾಡಿದ ಐಕಾನ್ ಆಫ್ ದಿ ಸೀಸ್ 365 ಮೀಟರ್ ಉದ್ದ. ಪೂರ್ತಿ ತುಂಬಿದರೆ 7,600 ಪ್ರಯಾಣಿಕರು. ಅದನ್ನು ಕಟ್ಟಬಲ್ಲ, ಅಷ್ಟು ಜನರನ್ನು ತಾಳಬಲ್ಲ ಊರುಗಳು ಕಡಿಮೆ. ಹಡಗು ದೊಡ್ಡದಾದಷ್ಟೂ ಹೋಗುವ ಊರುಗಳ ಪಟ್ಟಿ ಚಿಕ್ಕದಾಗುತ್ತದೆ. ಮಕ್ಕಳಿಗೆ ಪೋರ್ಟ್ ಕ್ಯಾನವರಲ್ ತೋರಿಸಿ, ನಿಮ್ಮಿಂದ ಕಾರಿನ ದಾರಿ.

ಪ್ರಶ್ನೆ, ಡಲ್ಲಾಸ್‌ನಿಂದ ಮತ್ತೆ: ಹಾಗಾದರೆ ಕಂಪನಿಗಳ ಸ್ವಂತ ದ್ವೀಪ? ಗೆಳತಿ ಹೋಗಿ ಬಂದು ಬಹಳ ಹೊಗಳಿದಳು. ಅದೊಂದು ವ್ಯಾಪಾರದ ತಂತ್ರ ಅಂತಾರೆ ನಮ್ಮ ಯಜಮಾನರು.

ಉತ್ತರ: ಇಬ್ಬರ ಮಾತೂ ಸರಿ.

ನಾರ್ವೇಜಿಯನ್ ಕ್ರೂಸ್ ಲೈನ್ 1977ರಲ್ಲೇ ಬಹಾಮಾಸ್‌ನ ಗ್ರೇಟ್ ಸ್ಟಿರಪ್ ಕೇ ದ್ವೀಪವನ್ನು ತನ್ನ ಪ್ರಯಾಣಿಕರಿಗಾಗಿ ಬಳಸಲು ಶುರುಮಾಡಿತು. ಆದರೆ ಕುಟುಂಬಗಳ ಲೆಕ್ಕದಲ್ಲಿ ದಾರಿ ಬದಲಿಸಿದ್ದು 1998ರ ಡಿಸ್ನಿ. ಮೊದಲ ಹಡಗಿನ ಜತೆಗೇ ಗೋರ್ಡಾ ಕೇ ಎಂಬ ದ್ವೀಪಕ್ಕೆ ಕ್ಯಾಸ್ಟವೇ ಕೇ ಎಂದು ಹೆಸರಿಟ್ಟು, ಹಡಗು ನೇರ ಬಂದು ನಿಲ್ಲುವಂತೆ ದಕ್ಕೆ ಕಟ್ಟಿದರು. ಅದು ಎಷ್ಟು ದೊಡ್ಡ ವಿಷಯ ಎನ್ನುವುದು ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋದವರಿಗೆ ಗೊತ್ತು.

ದಕ್ಕೆ ಇಲ್ಲದ ಕಡೆ ಹಡಗು ದೂರದಲ್ಲಿ ಲಂಗರು ಹಾಕುತ್ತದೆ. ಜನ ಟೆಂಡರ್ ಬೋಟಿನಲ್ಲಿ ದಡಕ್ಕೆ ಹೋಗಬೇಕು. ಗ್ರಾಂಡ್ ಕೇಮನ್ ಹಾಗೆ, ಬೆಲೀಜ್ ಸಿಟಿ ಹಾಗೆ, ಗ್ರೀಸಿನ ಸ್ಯಾಂಟೊರಿನಿಯೂ ಹಾಗೆ. ನಾನು ಆಫೀಸರ್ ಆಗಿದ್ದ ಒಂದು ಹಡಗಿನಲ್ಲಿ ಶಾಲಾ ರಜೆಯ ವಾರದಲ್ಲೇ ಒಂದರ ಹಿಂದೆ ಒಂದು ಎರಡು ಟೆಂಡರ್ ಊರು ಹಾಕಿದ್ದರು. ಅಲೆ ಏನೂ ಜೋರಿರಲಿಲ್ಲ. ಆದರೂ ಬೋಟು ಒಂದಡಿ ಏರುತ್ತ ಇಳಿಯುತ್ತ ಇತ್ತು. ತಾಯಂದಿರು ಮಗುವನ್ನು ನಮ್ಮ ನಾವಿಕರ ಕೈಗೆ ಕೊಟ್ಟು ದಾಟುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ವೀಲ್‌ಚೇರಿನಲ್ಲಿದ್ದ ಒಬ್ಬ ಅಜ್ಜನನ್ನು ಇಳಿಸಲು ಆಗುವುದಿಲ್ಲ ಎಂದು ನಾನೇ ಹೇಳಬೇಕಾಯಿತು. ಅವರು ಎರಡೂ ದಿನ ಡೆಕ್ಕಿನಲ್ಲಿ ಕೂತು ಊರನ್ನು ದೂರದಿಂದ ನೋಡಿದರು. ಮಾರ್ಗ ಹಾಕುವ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದೇ ಆ ವಾರ ಮುಗಿದ ಮೇಲೆ. ಆಮೇಲೆ ಮಕ್ಕಳ ರಜೆಯ ವಾರಗಳಲ್ಲಿ ಟೆಂಡರ್ ಊರು ಒಂದಕ್ಕಿಂತ ಹೆಚ್ಚು ಬೇಡ ಎಂದು ಪ್ರತಿ ಸಭೆಯಲ್ಲೂ ಹಟ ಹಿಡಿಯುತ್ತಿದ್ದೆ. ಕೆಲವು ಸಲ ಗೆದ್ದೆ.

ಇನ್ನು ವ್ಯಾಪಾರದ ಮಾತು. ಸ್ವಂತ ದ್ವೀಪದಲ್ಲಿ ನೀವು ಕೊಡುವ ಛತ್ರಿ ಬಾಡಿಗೆ, ಕ್ಯಾಬಾನಾ, ಎಳನೀರು, ಎಲ್ಲವೂ ಕಂಪನಿಗೇ. ಬೇರೆ ಹಡಗಿನವರ ಜತೆ ದಕ್ಕೆಗೆ ಪೈಪೋಟಿ ಇಲ್ಲ. ಫ್ಲಾರಿಡಾಕ್ಕೆ ಹತ್ತಿರವಾದ್ದರಿಂದ ರಾತ್ರಿ ನಿಧಾನ ಓಡಿದರೂ ಆಯಿತು, ಇಂಧನ ಉಳಿಯುತ್ತದೆ. ಅದಕ್ಕೇ ರಾಯಲ್ ಕೆರಿಬಿಯನ್ 2019ರಲ್ಲಿ ಕೊಕೊಕೇಯನ್ನು ದೊಡ್ಡ ವಾಟರ್ ಪಾರ್ಕ್ ಮಾಡಿತು, ಡಿಸ್ನಿ 2024ರಲ್ಲಿ ಲುಕೌಟ್ ಕೇ ತೆರೆಯಿತು, ಕಾರ್ನಿವಲ್ 2025ರಲ್ಲಿ ಸೆಲಬ್ರೇಶನ್ ಕೀ ತೆರೆಯಿತು. ಅತ್ತೆ ಮಾವ, ಮೂರು ವರ್ಷದ ಮಗು ಜತೆಗಿದ್ದರೆ ನಾನು ಅದನ್ನೇ ಹೇಳುತ್ತೇನೆ. ಆದರೆ ಬಹಾಮಾಸ್‌ನ ಜನ, ಊಟ, ಊರು ನೋಡಿದೆವು ಎಂದು ತಿಳಿಯಬೇಡಿ. ಒಂಬತ್ತು ವರ್ಷದವಳಿಗೆ ಒಂದಾದರೂ ನಿಜವಾದ ಊರು ತೋರಿಸಿ.

ಪ್ರಶ್ನೆ, ಸಿಯಾಟಲ್‌ನಿಂದ: ಕಳೆದ ಬೇಸಿಗೆಯಲ್ಲಿ ಅಲಾಸ್ಕಾಗೆ ಹೋಗಿದ್ದೆವು. ಕೊನೆಯ ದಿನ ಕೆನಡಾದ ವಿಕ್ಟೋರಿಯಾ ಅಂತ ಹಾಕಿದ್ದರು. ಮುಟ್ಟಿದಾಗಲೇ ರಾತ್ರಿ ಎಂಟು, ಮಕ್ಕಳಿಗೆ ನಿದ್ದೆ. ಅಂಥ ಊರಿಗೆ ಯಾಕಾದರೂ ಹೋಗಬೇಕು?

ಉತ್ತರ: ಅದಕ್ಕೆ ಕಾರಣ 1886ರ ಒಂದು ಅಮೆರಿಕನ್ ಕಾನೂನು. ಅಮೆರಿಕದಲ್ಲಿ ಕಟ್ಟದ, ಅಮೆರಿಕದ ಧ್ವಜವಿಲ್ಲದ ಹಡಗು ಅಮೆರಿಕದ ಊರುಗಳ ನಡುವೆಯೇ ಪ್ರಯಾಣಿಕರನ್ನು ಸುತ್ತಾಡಿಸುವಂತಿಲ್ಲ, ಮಧ್ಯೆ ಒಂದಾದರೂ ವಿದೇಶಿ ಬಂದರಿಗೆ ಹೋಗಬೇಕು. ದೊಡ್ಡ ಕ್ರೂಸ್ ಹಡಗುಗಳೆಲ್ಲ ಹೆಚ್ಚುಕಡಿಮೆ ಬಹಾಮಾಸ್, ಪನಾಮಾ, ಮಾಲ್ಟಾ ಇಂಥ ದೇಶಗಳ ಧ್ವಜದವು. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಅಲಾಸ್ಕಾ ಯಾತ್ರೆಗೆ ವಿಕ್ಟೋರಿಯಾ ಆ ಲೆಕ್ಕ ತುಂಬುತ್ತದೆ. 2021ರಲ್ಲಿ ಕೋವಿಡ್‌ಗೆ ಕೆನಡಾ ಬಂದರು ಮುಚ್ಚಿದಾಗ ಅಲಾಸ್ಕಾದ ಇಡೀ ಋತುವೇ ಹೋಗುವುದರಲ್ಲಿತ್ತು. ಅಮೆರಿಕದ ಸಂಸತ್ತು ತಾತ್ಕಾಲಿಕ ಕಾನೂನು ತಂದ ಮೇಲೆ ಹಡಗು ಹೊರಟವು.

ಅಲಾಸ್ಕಾದಲ್ಲಿ ಇನ್ನೊಂದು ವಿಷಯ ನೋಡಿ. ಗ್ಲೇಸಿಯರ್ ಬೇ ಒಳಗೆ ದಿನಕ್ಕೆ ಎರಡೇ ಕ್ರೂಸ್ ಹಡಗಿಗೆ ಅವಕಾಶ. ಜೂನೋ ಊರಿನವರು 2024ರಿಂದ ದಿನಕ್ಕೆ ಐದು ದೊಡ್ಡ ಹಡಗು ಸಾಕು ಎಂದಿದ್ದಾರೆ. ವೆನಿಸ್ 2021ರ ಆಗಸ್ಟಿನಿಂದ ದೊಡ್ಡ ಹಡಗುಗಳನ್ನು ಜುಡೆಕ್ಕಾ ಕಾಲುವೆಯೊಳಗೆ ಬಿಡುತ್ತಿಲ್ಲ. ಇದರಿಂದ ನಮ್ಮ ಕೆಲಸ ಕಷ್ಟವಾಯಿತು ನಿಜ. ಆದರೂ ಊರಿನವರ ಪರವಾಗಿಯೇ ನಾನು ಮಾತಾಡುತ್ತೇನೆ. ಒಂದು ಪುಟ್ಟ ಪೇಟೆಗೆ ಒಂದೇ ಬೆಳಿಗ್ಗೆ ಹದಿನೈದು ಸಾವಿರ ಜನ ಇಳಿದರೆ ಅಲ್ಲಿಯವರಿಗೂ ಸುಖವಿಲ್ಲ, ಇಳಿದವರಿಗೂ ಇಲ್ಲ.

ಪ್ರಶ್ನೆ, ಅಟ್ಲಾಂಟಾದಿಂದ: ನಮಗೆ ಸೆಪ್ಟೆಂಬರಿನಲ್ಲಿ ಪೂರ್ವ ಕೆರಿಬಿಯನ್ ಅಂತ ಹೇಳಿ, ಹಡಗು ಹತ್ತಿದ ಮೇಲೆ ಪಶ್ಚಿಮಕ್ಕೆ ಕರೆದುಕೊಂಡು ಹೋದರು. ಇದು ಮೋಸ ಅಲ್ಲವೇ?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಮೋಸವಲ್ಲ. ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30, ಸೆಪ್ಟೆಂಬರ್ ಅದರ ನೆತ್ತಿ. ಆ ತಿಂಗಳು ಟಿಕೆಟ್ ಅಗ್ಗವಾಗಿರುವುದೂ ಅದಕ್ಕೇ, ಶಾಲೆ ಶುರುವಾಗಿರುವುದೂ ಸೇರಿ. ಹಡಗಿನ ಅನುಕೂಲವೆಂದರೆ ಅದು ಓಡಿಹೋಗಬಲ್ಲದು. ರಾತ್ರಿ ಒಂದು ಗಂಟೆಗೆ ಹವಾಮಾನ ತಜ್ಞರ ಫೋನ್ ಬಂದು, ಬೆಳಗಾಗುವುದರೊಳಗೆ ನಾಲ್ಕು ಹಡಗುಗಳಿಗೆ ಬೇರೆ ದಕ್ಕೆ ಹುಡುಕಿದ್ದಿದೆ. ತಪ್ಪಿದ ಊರಿನ ಬಂದರು ತೆರಿಗೆಯನ್ನು ಸಾಮಾನ್ಯವಾಗಿ ಹಿಂದಿರುಗಿಸುತ್ತಾರೆ, ನಿಮ್ಮ ಹಡಗಿನ ಖಾತೆ ನೋಡಿ.

ಚಂಡಮಾರುತವಷ್ಟೇ ಅಲ್ಲ. 2022ರಲ್ಲಿ ರಷ್ಯಾ ಉಕ್ರೇನ್ ಯುದ್ಧ ಶುರುವಾದಾಗ ಬಾಲ್ಟಿಕ್ ಮಾರ್ಗಗಳ ಮುಖ್ಯ ಆಕರ್ಷಣೆಯಾಗಿದ್ದ ಸೇಂಟ್ ಪೀಟರ್ಸ್‌ಬರ್ಗ್ ಒಂದೇ ವಾರದಲ್ಲಿ ಪಟ್ಟಿಯಿಂದ ಹೋಯಿತು. 2024ರಲ್ಲಿ ಹಡಗುಗಳ ಮೇಲಿನ ದಾಳಿಯಿಂದ ಕೆಂಪು ಸಮುದ್ರದ ದಾರಿಯೇ ಹೋಯಿತು.

ಪ್ರಶ್ನೆ, ಮಂಗಳೂರಿನಿಂದ: ಸರ್, ಪಣಂಬೂರಿಗೆ ವಿದೇಶಿ ಕ್ರೂಸ್ ಹಡಗು ಬಂದಾಗೆಲ್ಲ ಪೇಪರಿನಲ್ಲಿ ಫೋಟೋ ಬರುತ್ತದೆ. ನಾವು ಇಲ್ಲಿಂದಲೇ ಹತ್ತುವ ಹಾಗೆ ಯಾಕಿಲ್ಲ?

ಉತ್ತರ: ನಿಮ್ಮ ಪ್ರಶ್ನೆ ನನಗೂ ಮನಸ್ಸಿಗೆ ಹತ್ತಿರದ್ದು. ನವಮಂಗಳೂರು ಬಂದರಿಗೆ ಬರುವವು ಹೆಚ್ಚಾಗಿ ದುಬೈ, ಮುಂಬೈ ಕಡೆಯಿಂದ ಕೊಚ್ಚಿ, ಕೊಲಂಬೊಗೆ ಹೋಗುವ ದಾರಿಯಲ್ಲಿ ಒಂದು ಹಗಲು ನಿಲ್ಲುವ ಹಡಗುಗಳು. ಜನ ಬೆಳಿಗ್ಗೆ ಇಳಿದು ಕದ್ರಿ, ಕುದ್ರೋಳಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆ ನೋಡಿ ಸಂಜೆ ಹತ್ತುತ್ತಾರೆ. ಜನ ಹತ್ತುವ ಊರಾಗಲು ಬೇರೆಯದೇ ಬೇಕು. ಪ್ರತಿ ವಾರ ಸಾವಿರಾರು ಜನರನ್ನು ತುಂಬಬಲ್ಲ ಸುತ್ತಲಿನ ಜನಸಂಖ್ಯೆ, ಸಾಕಷ್ಟು ವಿಮಾನ, ಟರ್ಮಿನಲ್, ದಿನಸಿ ಪೂರೈಸುವವರು.

ಅದಕ್ಕಿಂತ ದೊಡ್ಡದು ಮಳೆಗಾಲ. ಗಂಗೊಳ್ಳಿಯಲ್ಲಿ ಜೂನ್ ಬಂತೆಂದರೆ ಬೋಟುಗಳು ಎರಡು ತಿಂಗಳು ದಡ ಬಿಡುವುದಿಲ್ಲ. ಕ್ರೂಸ್ ಹಡಗಿಗೂ ಆ ಅಲೆಯೇ. ಕಾರ್ಡೀಲಿಯಾ ಕಂಪನಿ 2021ರ ಸೆಪ್ಟೆಂಬರಿನಿಂದ ಮುಂಬೈ, ಗೋವಾ, ಕೊಚ್ಚಿ, ಲಕ್ಷದ್ವೀಪ ಎಂದು ಓಡಿಸಿ, 2022ರ ಜೂನ್ ಹೊತ್ತಿಗೆ ಹಡಗನ್ನು ಚೆನ್ನೈಗೆ ತಂದು ವಿಶಾಖಪಟ್ಟಣದ ಕಡೆ ತಿರುಗಿಸಿತು. ಪಶ್ಚಿಮ ಕರಾವಳಿ ಕೆರಳಿದಾಗ ಪೂರ್ವಕ್ಕೆ. ಬೇಸಿಗೆಯಲ್ಲಿ ಮೆಡಿಟರೇನಿಯನ್‌ನಲ್ಲಿದ್ದು ಚಳಿಗಾಲಕ್ಕೆ ಕೆರಿಬಿಯನ್‌ಗೆ ಹೋಗುವ ದೊಡ್ಡ ಹಡಗುಗಳ ಲೆಕ್ಕವೂ ಇದೇ. ಮುಂಬೈ–ಕೊಚ್ಚಿ ನಡುವೆ ಹೋಗುವ ಹಡಗು ಮಂಗಳೂರಿನಲ್ಲಿ ಒಂದು ಹಗಲು ನಿಂತು, ಇಲ್ಲಿಯ ಒಂದಷ್ಟು ಜನರನ್ನೂ ಹತ್ತಿಸಿಕೊಳ್ಳುವುದು ಆಗದ ಮಾತಲ್ಲ. ಆಗಬೇಕು ಎನ್ನುವುದು ನನ್ನ ಆಸೆ.

ಪ್ರಶ್ನೆ, ಡಲ್ಲಾಸ್‌ನಿಂದ ಕೊನೆಯದು: ಇಷ್ಟೆಲ್ಲ ಕೇಳಿದ ಮೇಲೆ, ನಾವು ಬುಕ್ ಮಾಡುವಾಗ ಏನು ನೋಡಬೇಕು ಹೇಳಿ ಸರ್.

ಉತ್ತರ: ಊರಿನ ಹೆಸರು ಆಮೇಲೆ ನೋಡಿ. ಮೊದಲು ಮುಟ್ಟುವ ಮತ್ತು ಬಿಡುವ ಗಂಟೆ ನೋಡಿ. ಎಂಟರಿಂದ ಐದು ಇದ್ದರೆ ಒಳ್ಳೆಯದು. ಹನ್ನೆರಡಕ್ಕೆ ಮುಟ್ಟುವುದಾದರೆ ಚಿಕ್ಕವನ ಮಧ್ಯಾಹ್ನದ ನಿದ್ದೆಗೂ ಅದಕ್ಕೂ ಹೊಂದುವುದಿಲ್ಲ. ದಕ್ಕೆಯೋ ಟೆಂಡರೋ ಕೇಳಿ. ಗ್ಯಾಲ್ವೆಸ್ಟನ್‌ನಿಂದ ಸಮುದ್ರದ ದಿನಗಳು ಜಾಸ್ತಿ, ಹಾಗಾಗಿ ಊರಿಗಿಂತ ಹಡಗೇ ನಿಮಗೆ ಮುಖ್ಯ. ಡಯಾಪರ್ ಇನ್ನೂ ಬಿಟ್ಟಿರದ ಮಗುವನ್ನು ದೊಡ್ಡ ಈಜುಕೊಳಕ್ಕೆ ಬಿಡುವುದಿಲ್ಲ, ಚಿಕ್ಕ ಮಕ್ಕಳ ನೀರಾಟದ ಜಾಗ ಬೇರೆ ಇದೆಯೇ ಎಂದು ಕೇಳಿಕೊಳ್ಳಿ.

ಮತ್ತೆ ಇದನ್ನು ದಯವಿಟ್ಟು ಮರೆಯಬೇಡಿ. ಹಡಗು ಮೆಕ್ಸಿಕೋಗೆ ಹೋದರೆ ಅತ್ತೆ ಮಾವ ಅಮೆರಿಕದಿಂದ ಹೊರಗೆ ಹೋದಂತೆಯೇ. ವಾಪಸ್ ಬರಲು ಅವರ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಇರಬೇಕು. ದುಡ್ಡು ಕಟ್ಟುವ ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ.

ಡಲ್ಲಾಸ್‌ನಿಂದ: ಈಗಲೇ ಊರಿಗೆ ಫೋನ್ ಮಾಡಿದೆ ಸರ್. ಮಾವ ಪಾಸ್‌ಪೋರ್ಟಿನ ಫೋಟೋ ಕಳಿಸಿದರು, ವೀಸಾ ಮೇಲೆ ಎಂಟ್ರೀಸ್ ಎದುರಿಗೆ ಎಂ ಅಂತ ಇದೆ.

ಉತ್ತರ: ಹಾಗಿದ್ದರೆ ಸರಿ, ಅದು ಮಲ್ಟಿಪಲ್. ಅತ್ತೆಯವರದ್ದೂ ನೋಡಿಬಿಡಿ.