ಇಷ್ಟದ ಟಾಪ್ ಬಿಚ್ಚದೆ ಅದರಂಥದ್ದೇ ಇನ್ನೊಂದು ಹೊಲಿಯೋದು ಹೇಗೆ?

ಪ್ರಶ್ನೆ: ಮೈಗೆ ಸರಿಯಾಗಿ ಕೂರುವ ಕಾಟನ್ ಟಾಪ್ ಒಂದಿದೆ. ಅದೇ ಥರದ್ದು ಇನ್ನೊಂದು ನಾನೇ ಹೊಲಿದುಕೊಳ್ಳುವ ಆಸೆ. ಹೊಲಿಗೆ ಸುಮಾರಾಗಿ ಬರುತ್ತದೆ, ಕಟಿಂಗ್ ಅಂದರೆ ಭಯ. ಹಳೆಯದನ್ನು ಬಿಚ್ಚದೆ ಆಗುತ್ತಾ? ಮಾಡಿ ನೋಡಿದವರು ಹೇಳಿ.

ಉತ್ತರ: ಆಗುತ್ತೆ, ಬಿಚ್ಚಲೇಬೇಡಿ. ನನ್ನ ಬೀರುವಿನಲ್ಲಿರುವ ಅರ್ಧ ಟಾಪ್‌ಗಳು ಒಂದೇ ತಾಯಿಯ ಮಕ್ಕಳು!

ಟಾಪ್‌ಗೆ ಇಸ್ತ್ರಿ ಹಾಕಿ. ಥರ್ಮೊಕೋಲ್ ಅಥವಾ ದಪ್ಪ ರಟ್ಟಿನ ಮೇಲೆ ಕಾಗದ ಹಾಸಿ. ಮುಂಭಾಗ ಹೊರಗೆ ಕಾಣುವಂತೆ ಟಾಪನ್ನು ನಟ್ಟನಡುವೆ ಉದ್ದಕ್ಕೆ ಮಡಚಿ ಅದರ ಮೇಲಿಡಿ. ಎಡ ಬಲ ಒಂದೇ ಅಲ್ವಾ, ಅರ್ಧ ತೆಗೆದರೆ ಸಾಕು. ಹೊಲಿಗೆಯ ಗೆರೆ ಹಿಡಿದು ಗುಂಡುಪಿನ್ನು ಚುಚ್ಚುತ್ತಾ ಹೋಗಿ, ಕಾಗದಕ್ಕೆ ತೂತು ಬೀಳಬೇಕು. ನೇರ ಇರುವ ಕಡೆ ದೂರ ದೂರ, ಕುತ್ತಿಗೆ ಮತ್ತು ಕಂಕುಳ ತಿರುವಿನಲ್ಲಿ ಹತ್ತಿರ ಹತ್ತಿರ. ರೇಷ್ಮೆಗೆ ಮಾತ್ರ ಈ ಉಪಾಯ ಬೇಡ, ಬಟ್ಟೆಯಲ್ಲೂ ತೂತು ಉಳಿದುಬಿಡಬಹುದು. ತೂತುಗಳನ್ನು ಸೇರಿಸಿದರೆ ಸಿಗುವುದು ಹೊಲಿಯುವ ಗೆರೆ. ಅದರ ಸುತ್ತ 1.5 ಸೆಂ.ಮೀ. ಮಾರ್ಜಿನ್ ಬಿಟ್ಟು ಕಾಗದ ಕತ್ತರಿಸಿ, ನಟ್ಟನಡುವಿನ ಮಡಿಕೆಯ ಕಡೆ ಮಾತ್ರ ಮಾರ್ಜಿನ್ ಬೇಡ. ಕೆಳಗಿನ ಮಡಿಕೆಗೆ ಇನ್ನೂ ಜಾಸ್ತಿ ಬಿಡಿ.

ಹಿಂಭಾಗವನ್ನು ಬೇರೆಯಾಗಿಯೇ ತೆಗೆಯಿರಿ. ಕಂಕುಳ ತಿರುವು ಸಾಮಾನ್ಯವಾಗಿ ಮುಂದೆ ಜಾಸ್ತಿ ಒಳಕ್ಕೆ ಹೋಗಿರುತ್ತದೆ, ಹಿಂದೆ ಕಮ್ಮಿ. ಕೊನೆಗೆ ಎರಡೂ ಕಾಗದದ ಪಕ್ಕದ ಗೆರೆ ಅಳೆದು ನೋಡಿ. ಹೊಂದದಿದ್ದರೆ ಕಾಗದದಲ್ಲೇ ಸರಿಮಾಡಿ.

ಇನ್ನೊಬ್ಬರು: ಕಾಟನ್ ಅಂದಿರಿ, ಸರಿ. ಆದರೆ ಅದು ಟೀ ಶರ್ಟ್ ಥರ ಹಿಗ್ಗುವ ಬಟ್ಟೆಯೋ, ಹಿಗ್ಗದ್ದೋ? ನನ್ನ ಪ್ರಕಾರ ಕಟಿಂಗ್‌ಗಿಂತ ಇದೇ ಮುಖ್ಯ. ಹಿಗ್ಗುವ ಟಾಪ್‌ನ ಅಳತೆಯಲ್ಲಿ ಹಿಗ್ಗದ ಬಟ್ಟೆ ಹೊಲಿದರೆ ತಲೆಯೇ ತೂರದೆ ಇರಬಹುದು. ಎಳೆಯನ್ನೂ ನೋಡಿ. ಹಳೆಯದರಲ್ಲಿ ಉದ್ದ ಎಳೆ ಯಾವ ಕಡೆ ಓಡಿದೆಯೋ ಕಾಗದದ ಮೇಲೆ ಹಾಗೇ ಗೆರೆ ಎಳೆದು, ಹೊಸ ಬಟ್ಟೆಯ ನೇಯ್ದ ಅಂಚಿಗೆ (ಕತ್ತರಿಸಿದ ಅಂಚಿಗಲ್ಲ) ಆ ಗೆರೆಯನ್ನು ಸಮನಾಗಿ ಇಡಿ. ಓರೆಯಾದರೆ ಒಗೆದಂತೆಲ್ಲ ಟಾಪ್ ತಿರುಚಿಕೊಳ್ಳುತ್ತದೆ. ಹೊಸ ಬಟ್ಟೆಯನ್ನು ಕತ್ತರಿಸುವ ಮೊದಲೇ ಒಗೆದುಬಿಡಿ, ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ.

ಮತ್ತೊಬ್ಬರು: ತೋಳು ಸ್ವಲ್ಪ ಕಾಟ ಕೊಡುತ್ತೆ. ಅಡಿಯ ಹೊಲಿಗೆಗೆ ಸರಿಯಾಗಿ ಮಡಚಿ, ಮುಂದಿನ ಅರ್ಧ ಒಮ್ಮೆ, ಹಿಂದಿನ ಅರ್ಧ ಒಮ್ಮೆ ತೆಗೆಯಿರಿ. ತೋಳಿನ ಮೇಲಿನ ಕಮಾನು ಕಂಕುಳ ಸುತ್ತಿಗಿಂತ ತುಸು ಜಾಸ್ತಿ ಬಂದರೆ ಗಾಬರಿ ಬೇಡ. ಹಿಗ್ಗದ ಬಟ್ಟೆಗೆ ಅಷ್ಟು ಬೇಕು. ಕಮ್ಮಿ ಬಂದರೆ ಮತ್ತೆ ಅಳೆಯಿರಿ. ಮೊದಲು ಹಳೇ ಬೆಡ್‌ಶೀಟಿನಲ್ಲಿ ದೊಡ್ಡ ಹೊಲಿಗೆ ಹಾಕಿ ಒಂದು ಹೊಲಿಯಿರಿ. ತೊಟ್ಟು, ಕೈ ಎತ್ತಿ, ಕೂತು, ಬಗ್ಗಿ ನೋಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್! ಹಿಗ್ಗದ ಬಟ್ಟೆಯೇ. ಆದರೆ ಎದೆಯ ಪಕ್ಕದಲ್ಲಿ ಡಾರ್ಟ್ (ಆಕಾರಕ್ಕಾಗಿ ತ್ರಿಕೋನವಾಗಿ ಹೊಲಿದ ಮಡಿಕೆ) ಇದೆ, ಎಷ್ಟು ಹರಡಿದರೂ ಚಪ್ಪಟೆಯಾಗಿ ಕೂರುತ್ತಿಲ್ಲ.

ಉತ್ತರ: ಕೂರಲ್ಲ, ಬಲವಂತ ಮಾಡಬೇಡಿ. ನಡುವಿನ ಮಡಿಕೆಯನ್ನು ಅಲುಗದಂತೆ ಪಿನ್ ಮಾಡಿ. ಡಾರ್ಟ್‌ಗಿಂತ ಕೆಳಗಿನ ಭಾಗ ಚಪ್ಪಟೆ ಮಾಡಿ ಗುರುತು ಹಾಕಿ. ಅದನ್ನು ಸಡಿಲ ಬಿಟ್ಟು ಮೇಲಿನ ಭಾಗ ಚಪ್ಪಟೆ ಮಾಡಿ ಗುರುತು ಹಾಕಿ. ಕಾಗದದ ಪಕ್ಕದಲ್ಲಿ ತ್ರಿಕೋನದಷ್ಟು ಜಾಗ ಉಳಿಯುತ್ತದೆ, ಅದೇ ಡಾರ್ಟ್. ಪಕ್ಕದ ಗೆರೆ ಅಳೆಯುವಾಗ ಆ ತ್ರಿಕೋನವನ್ನು ಮಡಚಿ ಮುಚ್ಚಿಕೊಳ್ಳಿ. ಆಗ ಹಿಂಭಾಗದ ಜೊತೆ ತಾಳೆಯಾಗುತ್ತದೆ.