‘ಅಸಾಧಾರಣ ಪ್ರಾಧ್ಯಾಪಕ’ ಸರಿಹೋಗುತ್ತಿಲ್ಲ, ಬೇರೆ ಪದ ಇದೆಯೇ?

ಗೆಳೆಯರೇ,

ಹರ್ಮನ್ ಶ್ವಾರ್ಟ್ಸೆ (1837–1910) ಎಂಬ ಜರ್ಮನ್ ಕಿವಿ ವೈದ್ಯರ ಬಗ್ಗೆ ಬರೆಯುತ್ತಿದ್ದೇನೆ. ಅವರ ಒಂದು ಹುದ್ದೆಯ ಹೆಸರಿಗೆ ಕನ್ನಡದಲ್ಲಿ ಏನನ್ನುವುದು ಅಂತ ಕೇಳಬೇಕಿತ್ತು. 1868ರಲ್ಲಿ ಹಾಲೆ ವಿಶ್ವವಿದ್ಯಾಲಯ ಅವರನ್ನು ‘ಔಸರ್‌ಓರ್ಡೆಂಟ್ಲಿಷರ್ ಪ್ರೊಫೆಸರ್’ ಮಾಡಿತು. ಪದಕ್ಕೆ ಪದ ಇಟ್ಟರೆ ‘ಅಸಾಧಾರಣ ಪ್ರಾಧ್ಯಾಪಕ’. ಓದಿದವರು ಏನೋ ದೊಡ್ಡ ಗೌರವ ಸಿಕ್ಕಿತು ಅಂದುಕೊಳ್ಳುತ್ತಾರೆ, ಅಲ್ವಾ? ಆದರೆ ಅದು ಪೂರ್ಣ ಪ್ರಾಧ್ಯಾಪಕರಿಗಿಂತ ಕೆಳಗಿನ ಹುದ್ದೆ. ಪೀಠ, ಅಂದರೆ ಒಂದು ವಿಷಯಕ್ಕೇ ಮೀಸಲಾದ ಪ್ರಾಧ್ಯಾಪಕ ಸ್ಥಾನ, ಇರುವುದಿಲ್ಲ.

ಶ್ವಾರ್ಟ್ಸೆ ಪೂರ್ಣ ಪ್ರಾಧ್ಯಾಪಕರಾದದ್ದು 1903ರಲ್ಲಿ. 35 ವರ್ಷ ಅದೇ ಮೆಟ್ಟಿಲು! ಮಾಡಿದ ಕೆಲಸ ನೋಡಿದರೆ ಇದು ಇನ್ನೂ ಕಾಡುತ್ತದೆ. 1864ರಲ್ಲೇ ವ್ಯೂರ್ಟ್ಸ್‌ಬರ್ಗಿನ ಟ್ರೋಲ್ಚ್ ಮತ್ತು ವಿಯೆನ್ನಾದ ಪೊಲಿಟ್ಸರ್ ಎಂಬ ಕಿವಿ ವೈದ್ಯರ ಜೊತೆಗೂಡಿ ಕಿವಿಯ ಕಾಯಿಲೆಗಳಿಗೇ ಮೀಸಲಾದ ಪತ್ರಿಕೆ ಶುರು ಮಾಡಿದ್ದರು. 1873ರಲ್ಲಿ ಐಸೆಲ್ ಜೊತೆ ಬರೆದ ಲೇಖನವಂತೂ ಶಸ್ತ್ರಚಿಕಿತ್ಸೆಯ ದಾರಿಯನ್ನೇ ಬದಲಿಸಿತು. ಕಿವಿಯ ಹಿಂದೆ ಕೈಯಿಟ್ಟರೆ ಒಂದು ಗಟ್ಟಿ ಉಬ್ಬು ಸಿಗುತ್ತದಲ್ಲ, ಅದೇ ಮ್ಯಾಸ್ಟಾಯ್ಡ್ ಮೂಳೆ. ಒಳಗೆಲ್ಲ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳು. ಕಿವಿ ಸೋರುವಾಗ ಕೀವು ಅಲ್ಲಿಗೆ ನುಗ್ಗಿ, ಮೂಳೆ ತಿಂದು, ಮಿದುಳಿನವರೆಗೂ ಹೋಗಬಹುದು. ಜೀವಕ್ಕೇ ಕುತ್ತು. ಶ್ವಾರ್ಟ್ಸೆ ಉಳಿ, ಸುತ್ತಿಗೆ ಹಿಡಿದು ಆ ಮೂಳೆ ತೆರೆದು ಕೀವು ಹೊರಹೋಗಲು ದಾರಿ ಮಾಡಿದರು. ಯಾರಿಗೆ ಮಾಡಬೇಕು, ಹೇಗೆ ಮಾಡಬೇಕು ಅನ್ನುವುದನ್ನೂ ಬಿಡಿಸಿ ಹೇಳಿದರು. ಹಿಂದೆ, 1791ರಲ್ಲಿ, ಡೆನ್ಮಾರ್ಕಿನ ರಾಜವೈದ್ಯ ಬರ್ಗರ್ ಕಿವುಡು ಹೋಗಲೆಂದು ಈ ಮೂಳೆ ತೆರೆಸಿಕೊಂಡು ಸತ್ತಿದ್ದರು. ಅಲ್ಲಿಂದ ಈ ಚಿಕಿತ್ಸೆಯ ಹೆಸರೇ ಕೆಟ್ಟಿತ್ತು. ಅದಕ್ಕೆ ಮತ್ತೆ ಮಾನ ತಂದವರು ಇವರು.

ಇಷ್ಟೆಲ್ಲ ಮಾಡಿದವರಿಗೆ ಪೀಠ ಯಾಕೆ ಸಿಗಲಿಲ್ಲ? ಆ ಕಾಲದ ವಿಶ್ವವಿದ್ಯಾಲಯಗಳು ಕಿವಿ ವೈದ್ಯವನ್ನು ಸ್ವತಂತ್ರ ವಿಷಯವೆಂದು ಒಪ್ಪಲು ಬಹಳ ತಡಮಾಡಿದವು. ಹಾಗಾಗಿ ಈ ಒಂದು ಪದದಲ್ಲಿ ಅವರ ವೃತ್ತಿಯ ಕಥೆ ಅರ್ಧ ಅಡಗಿದೆ. ಸುಮ್ನೆ ‘ಪ್ರಾಧ್ಯಾಪಕ’ ಅಂತ ಬರೆದು ಮುಂದೆ ಹೋಗಲು ನನಗೆ ಮನಸ್ಸಿಲ್ಲ.

‘ಸಹ ಪ್ರಾಧ್ಯಾಪಕ’ ಎಲ್ಲರಿಗೂ ಗೊತ್ತಿರುವ ಪದ. ಆದರೆ ಅದು ಇವತ್ತಿನ ಬಡ್ತಿಯ ಏಣಿಯನ್ನು ನೆನಪಿಸುತ್ತದೆ, ಇಷ್ಟು ವರ್ಷವಾದರೆ ಮುಂದಿನದು ಅನ್ನುವ ಹಾಗೆ. ಆಗಿನ ಜರ್ಮನಿಯಲ್ಲಿ ಮೇಲೇರಬೇಕಾದರೆ ಪೀಠ ಖಾಲಿಯಾಗಬೇಕು, ಇಲ್ಲವೇ ಹೊಸದಾಗಿ ಹುಟ್ಟಬೇಕು. ‘ಹೆಚ್ಚುವರಿ ಪ್ರಾಧ್ಯಾಪಕ’ ಅಂದರೆ ಸಂಖ್ಯೆಗೆ ಸೇರಿಸಿಕೊಂಡವರು ಅನಿಸುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ‘ಪೀಠವಿಲ್ಲದ ಪ್ರಾಧ್ಯಾಪಕ’. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅಧ್ಯಯನ ಪೀಠಗಳಿವೆ, ಹಾಗಾಗಿ ‘ಪೀಠ’ ಓದುಗರಿಗೆ ಹೊಸದಲ್ಲ. ಆದರೆ ಹೆಸರಿನ ಹಿಂದೆ ಹುದ್ದೆಯಾಗಿ ಕೂರಿಸಿದರೆ ಬೈದ ಹಾಗೆ ಕೇಳಿಸುತ್ತದೆಯೇ? ವಿಶ್ವವಿದ್ಯಾಲಯಗಳ ಇತಿಹಾಸವನ್ನು ಕನ್ನಡದಲ್ಲಿ ಬರೆದವರು, ಅನುವಾದಿಸಿದವರು ಈ ಹುದ್ದೆಗೆ ಏನು ಬಳಸಿದ್ದೀರಿ? ಬಳಸಿದ ವಾಕ್ಯವನ್ನೂ ಹಾಕಿದರೆ ಒಳ್ಳೆಯದು.